ದ್ಯಾಮಮ್ಮನ ಕಿವಿಗುರುತು

ಸರ್ಕಾರ ಕೊಟ್ಟ ಹೊಚ್ಚ ಹೊಸ ಬ್ಯಾಗುಗಳಿಗೆ ದ್ಯಾಮಮ್ಮ ಕತ್ತರಿ ಹಾಕಿದ್ದನ್ನು ಕಂಡು ನಮ್ಮ ಹೆಡ್‌ಮಾಸ್ಟರ್ ತಿಪ್ಪೇಸ್ವಾಮಿ ಸಾರ್ ಎದ್ದ ರಭಸಕ್ಕೆ ಅವರ ಕುರ್ಚಿ ಹಿಂದಕ್ಕೆ ಮಗುಚಿ ಬಿತ್ತು. ಒಂದೆರಡು ಬ್ಯಾಗಲ್ಲ, ನಲವತ್ತಮೂರು. ಪ್ರತಿಯೊಂದರ ಮುಚ್ಚಳದ ಅಂಚಿಗೂ ಕಚ್ಚು ಬಿದ್ದಿತ್ತು. ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ, ಒಂದಕ್ಕಂತೂ ನಟ್ಟನಡುವೆ ತೂತು. ಸಾರ್ ಕುರ್ಚಿ ಎತ್ತಿ ನಿಲ್ಲಿಸುವಷ್ಟರಲ್ಲಿ ಅವರ ಪರವಾಗಿ ನಾನೇ ಕೂಗಾಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುವುದು ಸುಳ್ಳೇನಲ್ಲ.

"ಯಾಕ ಹಿಂಗ ಮಾಡಿದಿ ದ್ಯಾಮಮ್ಮಾ? ತಲಿ ಗಿಲಿ ಕೆಟ್ಟೈತೇನು?"

ಅವಳು ಕತ್ತರಿಯನ್ನು ಸೆರಗಿನಲ್ಲಿ ನಿಧಾನವಾಗಿ ಒರೆಸಿದಳು. "ಗುರುತ್ರಿ ಟೀಚರಮ್ಮ. ಕುರಿಗೆ ಕಿವಿಗುರುತು ಹಾಕಂಗಿಲ್ಲೇನ್ರಿ? ಹಂಗ. ಇನ್ನೊಂದ್ ಬ್ಯಾಗ್ ಕಳೀಲಿ ನೋಡ್ರಿ, ನನ್ನ ಕೇಳ್ರಿ."

ಗುಮ್ಮಘಟ್ಟದ ಕಡೆಯ ಆ ಊರಿನ ಕನ್ನಡ ಶಾಲೆಗೆ ನಾನು ಬಂದು ಆರು ವರ್ಷವಾಯಿತು. ರಾಯದುರ್ಗದಿಂದ ದಿನವೂ ಶೇರ್ ಆಟೋದಲ್ಲಿ, ಅರ್ಧ ಮೈ ಒಳಗೆ ಅರ್ಧ ಮೈ ಹೊರಗೆ ಇಟ್ಟುಕೊಂಡು ಬರುತ್ತೇನೆ. ದ್ಯಾಮಮ್ಮ ಅಲ್ಲಿಯ ಆಯಾ. ಗುಡಿಸುವುದು, ನೀರು ತುಂಬಿಸುವುದು, ಮಧ್ಯಾಹ್ನ ಮಕ್ಕಳಿಗೆ ಬಡಿಸುವುದು ಅವಳ ಕೆಲಸ. ಉಳಿದಂತೆ ಇಡೀ ಶಾಲೆಯನ್ನು ನಡೆಸುವವಳೂ ಅವಳೇ ಎಂದು ಅವಳ ನಂಬಿಕೆ, ಅದು ಅಷ್ಟೇನೂ ತಪ್ಪಲ್ಲ. ವಯಸ್ಸು ಅರವತ್ತು ದಾಟಿದೆ, ದಾಖಲೆಯಲ್ಲಿ ಮಾತ್ರ ಇನ್ನೂ ಐವತ್ತಾರು. ಗಂಡ ಕುರಿ ಕಾಯುತ್ತಿದ್ದ, ಹಾವು ಕಚ್ಚಿ ತೀರಿಕೊಂಡ. ಮಕ್ಕಳಿಲ್ಲ. ಇಪ್ಪತ್ತೆರಡು ವರ್ಷದಿಂದ ಒಂದೇ ಸ್ಟೀಲ್ ಲೋಟದಲ್ಲಿ ಟೀ ಕುಡಿಯುತ್ತಾಳೆ. ಆ ಲೋಟದ ತಳದಲ್ಲಿ ಮೊಳೆಯಿಂದ ಕೊರೆದ ಮೂರು ಗೀಟುಗಳಿವೆ. ಕೊಡೆಯ ಹಿಡಿಕೆಗೂ ಪೊರಕೆಯ ಬುಡಕ್ಕೂ ಅದೇ ಮೂರು ಗೀಟು. ಯಾರಾದರೂ ಆ ಲೋಟ ಮುಟ್ಟಿದರೆ ಮುಗಿಯಿತು, ಹೆಡ್‌ಮಾಸ್ಟರ್ ಆದರೂ ಸರಿ, ಎರಡು ದಿನ ಅವರಿಗೆ ಟೀ ಇಲ್ಲ.

ನಮ್ಮ ಮಕ್ಕಳ ಕಥೆಯೋ, ಆ ದೇವರಿಗೇ ಪ್ರೀತಿ. ವರ್ಷಕ್ಕೊಮ್ಮೆ ಬ್ಯಾಗು, ಶೂಸು, ಬೆಲ್ಟು, ಪುಸ್ತಕ ಎಲ್ಲ ಬರುತ್ತವೆ. ಎಲ್ಲರಿಗೂ ಒಂದೇ ಬಣ್ಣ, ಒಂದೇ ಮಾದರಿ. ಜೂನಿನಲ್ಲಿ ಕೊಟ್ಟರೆ ಜುಲೈ ಹೊತ್ತಿಗೆ ಒಬ್ಬನ ಎಡಗಾಲಿನ ಶೂ ಇನ್ನೊಬ್ಬಳ ಬಲಗಾಲಿಗೆ ಜೊತೆಯಾಗಿರುತ್ತಿತ್ತು. ಹೆಸರು ಬರೆದರೆ ಬೆವರಿಗೆ ಅಳಿಸಿಹೋಗುತ್ತಿತ್ತು. "ನಿಮ್ಮ ವಸ್ತು ನೀವು ಜೋಪಾನ ಮಾಡಿ" ಎಂದು ನಾನು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ್ದೇ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತೇ ಹೊರತು ಒಂದು ರಬ್ಬರೂ ಉಳಿಯಲಿಲ್ಲ.

ದ್ಯಾಮಮ್ಮ ಭಾಷಣ ಮಾಡಲಿಲ್ಲ. ಊರಿನ ಅರ್ಧಕ್ಕರ್ಧ ಮನೆಗಳಲ್ಲಿ ಕುರಿಗಳಿವೆ. ಒಂದೊಂದು ಮನೆಗೂ ಒಂದೊಂದು ಕಿವಿಗುರುತು, ಅಜ್ಜ ಮುತ್ತಜ್ಜನ ಕಾಲದಿಂದ ಬಂದದ್ದು. ಮರಿ ಹುಟ್ಟಿ ಹದಿನೈದು ದಿನಕ್ಕೆ ಅದರ ಕಿವಿಯಂಚಿಗೆ ಚಿಕ್ಕ ಕಚ್ಚು ಹಾಕಿ ಎಣ್ಣೆ ಅರಿಶಿನ ಹಚ್ಚುತ್ತಾರೆ. ಆಮೇಲೆ ಅದು ಯಾವ ಹಿಂಡಿನಲ್ಲಿ ಬೆರೆತರೂ ಯಾರ ಮನೆಯದೆಂದು ಮಕ್ಕಳಿಗೂ ಗೊತ್ತಾಗುತ್ತದೆ. ದ್ಯಾಮಮ್ಮ ಆ ಮನೆಯ ಗುರುತನ್ನೇ ಆ ಮನೆಯ ಮಗುವಿನ ಬ್ಯಾಗಿಗೆ, ಶೂವಿನ ನಾಲಗೆಗೆ, ಬೆಲ್ಟಿನ ತುದಿಗೆ ಇಳಿಸಿದಳು. ಕುರಿಯಿಲ್ಲದ ಮನೆಯವರಿಗೆ ಹೊಸ ಗುರುತು ಕಟ್ಟಿಕೊಟ್ಟಳು. ಹಾಗೆ ಹೊಸದಾಗಿ ಪಡೆದವರ ಜಂಭವೇ ಜಾಸ್ತಿಯಾಗಿತ್ತು.

ಸಂಜೆ ನಾಲ್ಕಕ್ಕೆ ಬಾಗಿಲಲ್ಲಿ ಅಡ್ಡ ನಿಂತುಕೊಳ್ಳುತ್ತಿದ್ದಳು. ಹಟ್ಟಿಗೆ ಕುರಿ ಎಣಿಸಿ ಬಿಡುವ ಹಾಗೆ ಒಬ್ಬೊಬ್ಬರೇ ತಮ್ಮ ವಸ್ತು ಎಣಿಸಿ ಹೇಳಿ ಹೊರಗೆ ಹೋಗಬೇಕು. ಕಡಿಮೆ ಬಂದರೆ ಹಿಂದೆ ತಿರುಗಿ ಹುಡುಕಬೇಕು. ಬೇರೆಯವರ ಗುರುತಿನದು ಸಿಕ್ಕರೆ ಅಲ್ಲೇ ಕೊಟ್ಟುಬಿಡಬೇಕು.

"ಗುರುತಿದ್ದದ್ದು ಎಲ್ಲಿ ಹೋದ್ರೂ ನಿಂದ. ಗುರುತು ನೋಡಿನೂ ಇಟ್ಕಂಡೋನು ಕಳ್ಳ. ಅಷ್ಟ." ಅವಳ ಪಾಠ ಇಷ್ಟೇ ಇತ್ತು.

ನಾಚಿಕೆಯಿಲ್ಲದೆ ಹೇಳುತ್ತೇನೆ, ಬಿಎಡ್ ಮಾಡಿದ ನಾನು ಆರು ವರ್ಷದಲ್ಲಿ ಮಾಡದ್ದನ್ನು ಅವಳು ಒಂದು ತಿಂಗಳಲ್ಲಿ ಮಾಡಿದಳು. ತಿಪ್ಪೇಸ್ವಾಮಿ ಸಾರ್ ಕೂಡ ಸದ್ದಿಲ್ಲದೆ ತಮ್ಮ ಪೆನ್ನಿನ ಮುಚ್ಚಳಕ್ಕೆ ಒಂದು ಗೀಟು ಎಳೆಸಿಕೊಂಡರು.

ಜಗ್ಗದವಳು ಒಬ್ಬಳೇ, ಮೂರನೇ ತರಗತಿಯ ಶ್ರಾವಣಿ. ಕುರಿ ಹುಲುಗಪ್ಪನ ಹಿರಿಯ ಮಗಳು. ಅವಳಷ್ಟು ವಸ್ತು ಕಳೆದವರನ್ನು ನಾನು ಕಂಡಿಲ್ಲ. ತಲೆಯ ರಿಬ್ಬನ್ ಎಲ್ಲಿ ಎಂದರೆ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕಳೆದರೆ ಕಳೆಯಿತು, ಅತ್ತೂ ಗೊತ್ತಿಲ್ಲ, ಹುಡುಕಿಯೂ ಗೊತ್ತಿಲ್ಲ. ದ್ಯಾಮಮ್ಮ ಅವಳನ್ನು ಹಿಡಿದು ಕೂರಿಸಿಕೊಂಡು ಅವರ ಮನೆಯ ಗುರುತು, ಅಂದರೆ ಬಲಗಿವಿಯ ಕೆಳಗಂಚಿಗೆ ಜೋಳದ ಕಾಳಿನಷ್ಟು ಕಚ್ಚು, ಅವಳ ವಸ್ತುಗಳಿಗೆಲ್ಲ ಅವಳ ಕೈಯಿಂದಲೇ ಹಾಕಿಸುತ್ತಿದ್ದಳು.

ಒಂದು ದಿನ ಅವಳ ಊಟದ ಡಬ್ಬಿ ಕಳೆಯಿತು. ಅದರ ಪಟ್ಟಿಗೆ ಗುರುತಿತ್ತು. ಐದನೇ ದಿನ ಆಚೆ ಹಳ್ಳಿಯ ಯಾವನೋ ಕುರಿಯವನು ಹೊಲದಲ್ಲಿ ಸಿಕ್ಕಿತೆಂದು ಹುಲುಗಪ್ಪನ ಮನೆಗೇ ತಂದು ಕೊಟ್ಟು ಹೋದ. ಮರುದಿನ ಶ್ರಾವಣಿ ಡಬ್ಬಿಯನ್ನು ಎದೆಗವುಚಿಕೊಂಡು ಓಡಿಬಂದಳು.

"ಟೀಚರ್, ಅದ ಬಂತ್ರಿ! ಗುರುತು ನೋಡಿ ಅವ್ರಾ ತಂದು ಕೊಟ್ರು! ನಾವು ಕೇಳೇ ಇರಲಿಲ್ಲ!"

ಆವತ್ತಿನಿಂದ ಅವಳಿಗೆ ಗುರುತಿನ ಹುಚ್ಚು ಹಿಡಿಯಿತು. ಚಪ್ಪಲಿ, ಹಗ್ಗ, ಸೀತಾಫಲ, ಕೊನೆಗೆ ನನ್ನ ಚಾಕ್‌ಪೀಸು, ಯಾವುದನ್ನೂ ಬಿಡಲಿಲ್ಲ. ನಾವೆಲ್ಲ ನಕ್ಕೆವು. ದ್ಯಾಮಮ್ಮನ ಮುಖ ಅಷ್ಟು ಅರಳಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. "ಕಡೀಗೂ ತಲಿಗೆ ಹೋತ್ರಿ" ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡಳು.

ಆ ವರ್ಷ ಶ್ರಾವಣಿಯ ಅವ್ವ ಮಂಗಳಾ ಮೂರನೆಯದನ್ನು ಹೆತ್ತಿದ್ದಳು. ಮೂರೂ ಹೆಣ್ಣು. ಐದು ತಿಂಗಳ ಆ ಕೂಸನ್ನು ಪುಟ್ಟಿ ಎನ್ನುತ್ತಿದ್ದರು. ಶ್ರಾವಣಿ ಶಾಲೆ ಬಿಟ್ಟೊಡನೆ ಅದನ್ನು ಸೊಂಟಕ್ಕೇರಿಸಿಕೊಂಡರೆ ರಾತ್ರಿಯವರೆಗೂ ಇಳಿಸುತ್ತಿರಲಿಲ್ಲ. ಒಂದು ಸೋಮವಾರ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಟೀಚರ್, ನಮ್ಮ ಪುಟ್ಟೀನ ಅಗಳಿ ಅತ್ತಿಗೆ ಕೊಡ್ತಾರಂತ್ರಿ. ಗುರುವಾರ ಬಂದು ಕರ್ಕಂಡ್ ಹೋಗ್ತಾರಂತ."

ನನಗೆ ವಿಷಯ ಗೊತ್ತಿತ್ತು. ಹುಲುಗಪ್ಪನ ಅಕ್ಕ ಚಿನ್ನಕ್ಕನನ್ನು ಮಡಕಶಿರಾ ಆಚೆಯ ಅಗಳಿಗೆ ಕೊಟ್ಟಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ಇಲ್ಲಿ ಮೂರು ಹೆಣ್ಣು, ಅಲ್ಲಿ ತೊಟ್ಟಿಲೇ ಇಲ್ಲ. ಒಡಹುಟ್ಟಿದವರೊಳಗೆ ಮಕ್ಕಳನ್ನು ಕೊಟ್ಟು ತರುವುದು ಈ ಕಡೆ ಹೊಸದಲ್ಲ. ಕಾಗದವಿಲ್ಲ, ಪತ್ರವಿಲ್ಲ, ಹಿರಿಯರು ಕೂತು ಮಾತಾಡಿದರೆ ಆಯಿತು.

"ಅತ್ತಿ ಚೆನ್ನಾಗಿ ನೋಡ್ಕೊಂತಾಳ ಬಿಡು" ಎಂದೆ.

"ಯಾವಾಗ ವಾಪಸ್ ತರ್ತಾರ್ರಿ?"

"ವಾಪಸ್ ಎಲ್ಲಿಂದ? ಇನ್ನ ಆಕಿ ಅವರ ಮಗಳು."

ಅಷ್ಟು ಹೇಳಿ ನಾನು ಹಾಜರಿ ತುಂಬಿಸತೊಡಗಿದೆ. ಎಂಟು ವರ್ಷದ ಹುಡುಗಿಗೆ ಎಂಥ ಮಾತು ಹೇಳಿದೆ ಎಂದು ಆಗ ತೋಚಲಿಲ್ಲ. ಈಗ ನೆನೆದರೆ ನನ್ನ ನಾಲಗೆಗೇ ಬರೆ ಹಾಕಿಕೊಳ್ಳಬೇಕು ಅನಿಸುತ್ತದೆ. ಅವಳು ಅಳಲಿಲ್ಲ. ತನ್ನ ಜಾಗಕ್ಕೆ ಹೋಗಿ ಕೂತಳು.

ಬುಧವಾರ ಬೆಳಿಗ್ಗೆ ನಾನು ಆಟೋ ಇಳಿದು ಬರುವಾಗ ದ್ಯಾಮಮ್ಮ ಅಡುಗೆ ಕೋಣೆಯ ಮುಂದೆ ಅಕ್ಕಿ ಆರಿಸುತ್ತಿದ್ದಳು. ಶ್ರಾವಣಿ ಎಲ್ಲರಿಗಿಂತ ಮೊದಲೇ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಎರಡು ಜಡೆ ಹಾಕಿಲ್ಲ, ಕೂದಲು ಕಿವಿ ಮುಚ್ಚಿ ಇಳಿಬಿದ್ದಿದೆ. ಮುಖದಲ್ಲಿ ಮಾತ್ರ ಡಬ್ಬಿ ಸಿಕ್ಕ ದಿನ ಇದ್ದ ಅದೇ ಸಂಭ್ರಮ.

"ಅಜ್ಜಿ, ಪುಟ್ಟಿಗೆ ಗುರುತು ಹಾಕ್ದೆ."

ದ್ಯಾಮಮ್ಮನ ಕೈ ಮೊರದಲ್ಲೇ ನಿಂತಿತು. "ಎಲ್ಲಿಗೆ?"

ಶ್ರಾವಣಿ ತನ್ನ ಬಲಗಿವಿಯ ಕಡೆ ಬೆರಳು ತೋರಿಸಿದಳು. "ಅಪ್ಪ ಮರಿಗೆ ಹಾಕ್ತಾನಲ್ಲ, ಆ ಬ್ಲೇಡಿಲೆ. ಎಣ್ಣಿ ಅರಿಶಿನ ಹಚ್ಚಿ ತಲಿಗೆ ಕುಲಾಯಿ ಕಟ್ಟೀನಿ. ಇನ್ನ ಅಗಳಿಗೆ ಹೋದ್ರೂ ನಮ್ದ ಅಲ್ಲೇನಜ್ಜಿ?"

ಮೊರ ನೆಲಕ್ಕೆ ಬಿತ್ತು. ಅಕ್ಕಿ ಚೆಲ್ಲಾಪಿಲ್ಲಿಯಾಯಿತು. ನನ್ನ ಕೈಯಲ್ಲಿದ್ದ ಬ್ಯಾಗು ಎಲ್ಲಿ ಬಿಟ್ಟೆನೋ ತಿಳಿಯಲಿಲ್ಲ. ದ್ಯಾಮಮ್ಮ ಹುಡುಗಿಯ ಎರಡೂ ರಟ್ಟೆ ಹಿಡಿದುಕೊಂಡಳು.

"ಅಯ್ಯೋ ನನ್ನವ್ವಾ... ಕೂಸು ಅತ್ತಿರಬೇಕಲ್ಲೇ."

"ಸ್ವಲ್ಪ. ಮಲಿ ಕುಡ್ದು ಮಲಗ್ತು. ಜಾಸ್ತಿ ನೋವಾಗಂಗಿಲ್ಲಜ್ಜಿ." ಹುಡುಗಿ ಕೂದಲನ್ನು ಹಿಂದಕ್ಕೆ ಸರಿಸಿದಳು. "ಮೊದಲ ನಂದಕ್ಕ ಹಾಕ್ಕಂಡು ನೋಡ್ದೆ."

ಅವಳ ಬಲಗಿವಿಯ ಕೆಳಗಂಚಿನಲ್ಲಿ ಜೋಳದ ಕಾಳಿನಷ್ಟು ಕಚ್ಚು. ಸುತ್ತ ಒಣಗಿದ ಅರಿಶಿನ. ಹಿಂದಿನ ಸಂಜೆ ಹಾಕಿಕೊಂಡಿದ್ದಳಂತೆ, ರಾತ್ರಿಯಿಡೀ ಯಾರಿಗೂ ಹೇಳದೆ ಮಲಗಿದ್ದಳಂತೆ. ಮಕ್ಕಳು ಬಿದ್ದು ಮಂಡಿ ಒಡೆದುಕೊಂಡದ್ದು, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡದ್ದು ಎಷ್ಟೋ ನೋಡಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ.

ಅರ್ಧ ಗಂಟೆಯಲ್ಲಿ ಹುಲುಗಪ್ಪ ಬಂದ. ಸ್ನಾನ ಮಾಡಿಸಲೆಂದು ಕುಲಾಯಿ ಬಿಚ್ಚಿದ ಮಂಗಳಾ ಕಿರುಚಿದ್ದು ನಾಲ್ಕು ಮನೆಗೆ ಕೇಳಿಸಿತ್ತಂತೆ. ಕೈಯಲ್ಲಿ ಕುರಿ ಕೋಲು ಹಿಡಿದೇ ಅವನು ಅಂಗಳಕ್ಕೆ ನುಗ್ಗಿದ.

"ಯಾರ್ರಿ ನನ್ನ ಮಗಳಿಗೆ ಇದನ್ನ ಕಲಿಸಿದ್ದು?"

ತಿಪ್ಪೇಸ್ವಾಮಿ ಸಾರ್ ಏನೋ ಹೇಳಲು ಹೊರಟರು. ದ್ಯಾಮಮ್ಮ ಅವರನ್ನು ದಾಟಿಕೊಂಡು ಮುಂದೆ ಬಂದು ನಿಂತಳು. "ನಾನ ಕಲಿಸಿದ್ದು ಹುಲುಗಪ್ಪ. ಹೊಡಿಯೋದಿದ್ರ ನನ್ನ ಹೊಡಿ. ಹುಡುಗೀನ ಮುಟ್ಟಬ್ಯಾಡ."

ಕೋಲು ಮೇಲಕ್ಕೆ ಹೋದದ್ದು ಹೌದು. ಇಳಿದದ್ದು ಅವನ ಕಾಲ ಬಳಿಯೇ. "ನಾಳಿ ನಮ್ಮಕ್ಕ ಭಾವ ಬರ್ತಾರ" ಎಂದ, ಅಳುವುದೊಂದು ಬಾಕಿ. "ಕೊಟ್ಟ ಮಾತು ಐತಿ. ಕಿವಿ ಹರಿದ ಕೂಸು ಹೆಂಗ ಕೊಡ್ಲಿ ನಾನು?"

ಅಕ್ಕ ತಂಗಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನರ್ಸ್ ಗಾಯ ತೊಳೆದು ಪಟ್ಟಿ ಹಾಕಿ ಇಬ್ಬರಿಗೂ ಇಂಜೆಕ್ಷನ್ ಕೊಟ್ಟಳು. ಹೆದರುವಂಥದ್ದೇನಿಲ್ಲ, ಮಾಯುತ್ತದೆ, ಆದರೆ ಗುರುತು ಜೀವಮಾನವೆಲ್ಲ ಉಳಿಯುತ್ತದೆ ಎಂದಳು. ಮಂಗಳಾ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಮಾತು ಕೇಳಿ ಶ್ರಾವಣಿ ನಕ್ಕಳು.

ಗುರುವಾರ ನಾನೂ ದ್ಯಾಮಮ್ಮನೂ ಹುಲುಗಪ್ಪನ ಮನೆಗೆ ಹೊರಟೆವು. ಅವಳೇ ಕರೆದಳು, ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲ ಎಂದಳು. ಶಾಲೆಯ ಹಿಂದಿನ ಜಾಲಿ ಬೇಲಿ ದಾಟುವಾಗ ಹೇಳಿದಳು. "ನಾನು ಹೇಮಾವತಿ ಅನ್ನೋ ಊರಾಕಿ ಟೀಚರಮ್ಮ. ಈ ಊರಾಕಿ ಅಲ್ಲ."

ಆರು ವರ್ಷದಲ್ಲಿ ಈ ಮಾತು ಇದೇ ಮೊದಲು.

"ಮೂರು ವರ್ಷಕ್ಕ ಈ ಊರಾಗಿದ್ದ ನಮ್ಮ ದೊಡ್ಡಪ್ಪಗ ಕೊಟ್ರು. ಅವ್ರಿಗೆ ಮಕ್ಕಳಿರಲಿಲ್ಲ. ನಮ್ಮವ್ವ ಬಾಗಿಲಾಗ ನಿಂತಿದ್ಲು, ಅಷ್ಟ ನೆನಪೈತ್ರಿ. ಒಂದ್ ಮಾತಾಡಲಿಲ್ಲ. ಇಲ್ಲೇನು, ಚೆಂದಾಗಿ ಇಟ್ಕಂಡ್ರು, ಸುಳ್ಳು ಹೇಳಬಾರದು. ಆದ್ರ ಒಂದ್ ಲೋಟಾನೂ ನಂದು ಅನ್ನಂಗಿರಲಿಲ್ಲ ನೋಡ್ರಿ. ಏನ್ ಮುಟ್ಟಿದ್ರೂ ಕೊಟ್ಟಿದ್ದು ಅನ್ನಸ್ತಿತ್ತು."

"ಆಮೇಲೆ ನಿಮ್ಮವ್ವ ಬರಲಿಲ್ವಾ?"

"ಬರಲಿಲ್ರಿ. ನಾನೂ ಹೋಗ್ಲಿಲ್ಲ. ಸತ್ತಾಗ ಹೇಳಿ ಕಳಿಸಿದ್ರು, ಆಗ್ಲೂ ಹೋಗ್ಲಿಲ್ಲ. ಕೊಟ್ಟ್ ಕೈ ತೊಳ್ಕೊಂಡಾಕಿ ಮುಖ ಏನ್ ನೋಡೋದು ಅಂತ." ಸೆರಗಿಗೆ ಸಿಕ್ಕಿದ ಜಾಲಿ ಮುಳ್ಳು ಬಿಡಿಸಿಕೊಂಡಳು. "ಆ ಹುಡುಗಿ ಮಾಡಿದ್ದು ತಪ್ಪು ಅಂತ ಬಾಯಿ ಹೇಳ್ತೈತ್ರಿ. ಹೊಟ್ಟಿ ಹೇಳವಲ್ದು."

ಅವಳ ಕೈ ಹಿಡಿದುಕೊಂಡೆ.

ಮನೆಯಲ್ಲಿ ಅಗಳಿಯವರು ಆಗಲೇ ಬಂದು ಕೂತಿದ್ದರು. ಚಿನ್ನಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಪಕ್ಕದಲ್ಲಿ ಹೊಸ ಲಂಗಗಳು, ಬೆಳ್ಳಿಯ ಕಾಲ್ಗಡಗ, ಒಂದು ಹಾಲಿನ ಬಾಟಲಿ. ಅವಳ ಗಂಡ ಗೋಪಣ್ಣ ಗೋಡೆಗೆ ಒರಗಿದ್ದ. ಅವನೂ ಕುರಿಯವನೇ, ಮಾತು ಕಡಿಮೆ. ಮಂಗಳಾ ಬಾಗಿಲಿನ ತೋಳಿಗೆ ಆತು ನಿಂತಿದ್ದಳು. ಶ್ರಾವಣಿ ಅವಳ ಹಿಂದೆ ಇದ್ದಳು.

ಹುಲುಗಪ್ಪ ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದ. ಚಿನ್ನಕ್ಕ ಮಗುವಿನ ಕಿವಿಯ ಪಟ್ಟಿಯನ್ನು ಸವರಿ, "ಓಗ್ಲಿ ಬಿಡಪ್ಪ" ಎಂದಳು. "ದೊಡ್ಡೋಳಾದ್ಮೇಲೆ ಮೇಲೊಂದು ಓಲೆ ಇಟ್ರೆ ಯಾರ್ಗೂ ಕಾಣಾಕಿಲ್ಲ. ನಂಗೆ ಹೆಂಗಿದ್ರೂ ಚಿನ್ನಾನೇ."

ಗೋಪಣ್ಣ ಎದ್ದು ಬಂದ. ಪಟ್ಟಿಯನ್ನು ಮೆಲ್ಲಗೆ ಸರಿಸಿ ನೋಡಿದ. ಆಮೇಲೆ ಶ್ರಾವಣಿಯನ್ನು ಕರೆದು ಅವಳ ಕಿವಿಯನ್ನೂ ನೋಡಿದ. ಕುರಿ ಸಂತೆಯಲ್ಲಿ ನೋಡುವ ಹಾಗೆಯೇ ನೋಡಿದ, ಹಾಗೆ ನೋಡುವುದೊಂದೇ ಅವನಿಗೆ ಗೊತ್ತಿದ್ದದ್ದು.

"ಇದು ನಿಮ್ಮನೆ ಗುರುತಲ್ವೇನ್ಲಾ ಹುಲುಗಾ?"

"ತಿಳೀದ ಮಾಡ್ಯಾಳ ಭಾವ. ಹುಡುಗಾಟ."

"ತಿಳೀದೆ?" ಗೋಪಣ್ಣ ನಗಲಿಲ್ಲ. "ತನ್ ಕಿವಿ ಮೊದ್ಲು ಕುಯ್ಕಂಡು ನೋಡವ್ಳೆ. ಇದು ಹುಡುಗಾಟ ಅಲ್ಲ ಕಣಪ್ಪ." ಹೆಂಡತಿಯ ಕಡೆ ತಿರುಗಿದ. "ಏಳೇ. ಮಗೀನ ಕೊಡು."

ಚಿನ್ನಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದೊಡನೆ ಮಗುವನ್ನು ಅವುಚಿಕೊಂಡಳು. "ಅದ್ನಾಲ್ಕು ವರ್ಷ ಕಾದಿವ್ನಿ ನಾನು. ಕೊಡಾಕಿಲ್ಲ."

"ನಲ್ವತ್ತು ವರ್ಸ ಕುರಿ ಕಾದಿವ್ನಿ" ಎಂದ ಅವನು. "ಬ್ಯಾರೆಯೋರ ಗುರುತಿರೋ ಮರೀನ ಒಂದಿನಾನೂ ನಮ್ ಮಂದೇಲಿ ಇಟ್ಕಂಡಿಲ್ಲ."

"ಕೂಸು ಕುರಿ ಅಲ್ಲ ಭಾವ" ಎಂದು ಹುಲುಗಪ್ಪ ಗೊಣಗಿದ.

"ಅಲ್ಲ. ಕುರಿಗೇ ಇರೋ ನ್ಯಾಯ ಕೂಸಿಗೆ ಬ್ಯಾಡ್ವಾ ಮತ್ತೆ?"

ಚಿನ್ನಕ್ಕ ಅತ್ತಳು. ಆ ಅಳು ಕೇಳುವಂತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗಿಲ್ಲ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಯಾರ ಪರ ನಿಲ್ಲಬೇಕೋ ನನಗೆ ತಿಳಿಯಲಿಲ್ಲ. ಕೊನೆಗೆ ಅವಳೇ ಎದ್ದು, ಮಗುವನ್ನು ಹುಲುಗಪ್ಪನಿಗೆ ಕೊಡದೆ, ಅವನನ್ನು ದಾಟಿ ಹೋಗಿ ಮಂಗಳಾಳ ಕೈಯಲ್ಲಿಟ್ಟಳು. ಲಂಗಗಳನ್ನೂ ಕಾಲ್ಗಡಗವನ್ನೂ ಅಲ್ಲೇ ಬಿಟ್ಟು ಗಂಡನ ಹಿಂದೆ ಹೊರಟುಹೋದಳು.

ಮಂಗಳಾ ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಶ್ರಾವಣಿಯ ರಟ್ಟೆ ಹಿಡಿದು ಮುಂದಕ್ಕೆಳೆದಳು. ಹೊಡೆಯುತ್ತಾಳೆ ಎಂದುಕೊಂಡು ನಾನು ಅಡ್ಡ ಹೋದೆ. ಅವಳು ಹೊಡೆಯಲಿಲ್ಲ. ಹುಡುಗಿಯ ಕಿವಿಯನ್ನೇ ನೋಡುತ್ತಾ ನಿಂತಳು. ನಾಲ್ಕು ದಿನದಿಂದ ಒಂದು ಮಾತಾಡದ ಹೆಂಗಸು ಆಗ ಬಾಯಿ ಬಿಟ್ಟಳು.

"ನನ್ನ ಒಬ್ರೂ ಕೇಳಲಿಲ್ಲ. ಕೊಡೋದು ಅಂತ ಇವ್ರು ಇವ್ರಾ ಮಾತಾಡಿಕ್ಯಂಡ್ರು. ಕೇಳಿದ್ರ ಹೇಳ್ತಿದ್ದೆ. ಕೇಳದಿದ್ರೂ ಹೇಳಬೇಕಾಗಿತ್ತು, ನನಗ ಬಾಯಿ ಬರಲಿಲ್ಲ. ನಾನು ಸುಮ್ನಿದ್ದಿದ್ದಕ್ಕ ಈ ಎಂಟ್ ವರ್ಷದ ಕೂಸು ಬ್ಲೇಡ್ ಹಿಡೀತು."

ಹುಲುಗಪ್ಪ ತಲೆ ಎತ್ತಲಿಲ್ಲ. ಮಂಗಳಾ ಒಳಗೆ ಹೋಗಿ ಮಗುವಿಗೆ ಹಾಲು ಕೊಡಲು ಕೂತಳು, ಶ್ರಾವಣಿ ಅವಳ ಬೆನ್ನಿಗೆ ಅಂಟಿಕೊಂಡು ಕೂತಳು.

ಹೊರಡೋಣ ಎಂದು ದ್ಯಾಮಮ್ಮನ ಕಡೆ ನೋಡಿದೆ. ಅವಳು ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಎದುರಿನ ಬಾಗಿಲ ತೋಳನ್ನೇ, ಈಗಷ್ಟೇ ಮಂಗಳಾ ಆತು ನಿಂತಿದ್ದ ಜಾಗವನ್ನೇ ನೋಡುತ್ತಿದ್ದಳು. ನನಗೆ ಗಾಬರಿಯಾಗಿ ಅವಳ ಹೆಗಲು ಅಲುಗಿಸಿದೆ.

"ಟೀಚರಮ್ಮ" ಎಂದಳು, ನನ್ನ ಕಡೆ ತಿರುಗದೆ. "ನಮ್ಮವ್ವನ್ನೂ ಯಾರೂ ಕೇಳಿರ್ಲಿಕ್ಕಿಲ್ಲ ಅಲ್ಲೇನ್ರಿ?"